ಓಟದ ಮುನ್ನ ಅಭ್ಯಾಸ ಹೆಚ್ಚಿಸಬೇಕೇ?

ಪ್ರಶ್ನೆ: ಅಟ್ಟೂರು ಕೆರೆ ಬಳಿ ದಿನವೂ ಓಡುತ್ತೇನೆ. 10 ಕಿ.ಮೀ. ಸ್ಪರ್ಧೆಗೆ ಎರಡೇ ವಾರ ಉಳಿದಿದೆ. ಅಭ್ಯಾಸ ಹೆಚ್ಚಿಸಲೇ?
– ಓದುಗರೊಬ್ಬರು, ಅಟ್ಟೂರು

ಉತ್ತರ: ಬೇಡ, ತಗ್ಗಿಸಿ. ಕ್ರೀಡಾವಿಜ್ಞಾನದಲ್ಲಿ ಇದಕ್ಕೆ ‘ಟೇಪರಿಂಗ್’ ಎನ್ನುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯೊಂದರ ಪ್ರಕಾರ, ಕೊನೆಯ ಎರಡು ವಾರ ಅಭ್ಯಾಸದ ಪ್ರಮಾಣವನ್ನು ಶೇ 41ರಿಂದ 60ರಷ್ಟು ಇಳಿಸಿ, ವೇಗವನ್ನೂ ಅಭ್ಯಾಸದ ದಿನಗಳನ್ನೂ ಹಾಗೇ ಉಳಿಸಿಕೊಂಡರೆ ಹೆಚ್ಚು ಲಾಭ. ದಿನಕ್ಕೆ 8 ಕಿ.ಮೀ. ಓಡುವವರಿಗೆ 4 ಸಾಕು. ದಣಿವು ಇಳಿಯುತ್ತದೆ, ಸ್ನಾಯುಗಳಲ್ಲಿ ಶಕ್ತಿ ನೀಡುವ ಗ್ಲೈಕೋಜನ್ ತುಂಬಿಕೊಳ್ಳುತ್ತದೆ.

ಗಳಿಕೆ ಸಾಮಾನ್ಯವಾಗಿ ಶೇ 2–3 ಮಾತ್ರ. ಆದರೆ ಅಲ್ಪ ಅಂತರವೂ ನಿರ್ಣಾಯಕ: ಬೆಂಗಳೂರಿನ ಈಜುಗಾರ ಶ್ರೀಹರಿ ನಟರಾಜ್ 2021ರಲ್ಲಿ ಒಲಿಂಪಿಕ್ಸ್‌ನ ‘ಎ’ ಅರ್ಹತಾ ಮಟ್ಟ ದಾಟಿದ್ದು 0.08 ಸೆಕೆಂಡಿನ ಅಂತರದಲ್ಲಿ! ಸ್ಪರ್ಧೆಯ ದಿನ ಹೊಸ ಶೂ, ಹೊಸ ತಿಂಡಿಯ ಪ್ರಯೋಗ ಮಾತ್ರ ಬೇಡ.