ಆಪರೇಷನ್‌ಗೆ ಮುಂಚಿನ ಹದಿನಾಲ್ಕು ದಿನ

ಆಪರೇಷನ್ ಎಂದರೆ ಹಿಂದಿನ ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಆಸ್ಪತ್ರೆಗೆ ಹೋಗುವುದು. ನಮ್ಮ ವಯಸ್ಸಿನವರಿಗೆ ಗೊತ್ತಿರುವುದು ಅಷ್ಟೇ. ಆದರೆ ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಎರಡು ವಾರ ಮೊದಲೇ ಪಥ್ಯ ಶುರುವಾಗುತ್ತದೆ. ಅನ್ನ ಇಲ್ಲ, ಚಪಾತಿ ಇಲ್ಲ, ಮುದ್ದೆ ಇಲ್ಲ, ಸಕ್ಕರೆ ಇಲ್ಲ, ಎಣ್ಣೆ ಹೆಸರಿಗೆ ಮಾತ್ರ. “ಹೇಗೂ ಆಪರೇಷನ್ ಮಾಡಿ ತೂಕ ಇಳಿಸ್ತಾರಲ್ಲ, ಅದಕ್ಕೆ ಮುಂಚೆ ಈ ಶಿಕ್ಷೆ ಯಾಕೆ?” ಎಂದು ಮನೆಗೆ ಬಂದ ನೆಂಟರೆಲ್ಲ ಕೇಳುತ್ತಿದ್ದರು. ಕಳೆದ ವರ್ಷ ನನ್ನ ಮಗನಿಗೆ ಈ ಆಪರೇಷನ್ ಆಯಿತು. ನೆಂಟರ ಆ ಪ್ರಶ್ನೆಗೆ ಉತ್ತರ ತಿಳಿದ ಮೇಲೆಯೇ ನಮ್ಮ ಮನೆಯಲ್ಲಿ ಪಥ್ಯ ಹಗುರವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತೂಕದ ಲೆಕ್ಕ

ಆಗ ಮಗನಿಗೆ 43 ವರ್ಷ, ತೂಕ 126 ಕಿಲೋ, ಎತ್ತರ 170 ಸೆಂಟಿಮೀಟರ್. ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಮೀಟರ್‌ನಲ್ಲಿರುವ ಎತ್ತರವನ್ನು ಅದರಿಂದಲೇ ಗುಣಿಸಿ: 1.7 × 1.7 = 2.89. ತೂಕವನ್ನು ಇದರಿಂದ ಭಾಗಿಸಿದರೆ 43.6 ಬರುತ್ತದೆ. ಇದನ್ನು ಬಿ.ಎಂ.ಐ. ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂ ದೇಶದ ಗಣಿತಜ್ಞ ಅಡಾಲ್ಫ್ ಕ್ವೆಟ್‌ಲೆ ಹಾಕಿಕೊಟ್ಟ ಲೆಕ್ಕ ಇದು. ನಮ್ಮ ದೇಶದ ವಯಸ್ಕರಿಗೆ 23ರ ಒಳಗಿದ್ದರೆ ಒಳ್ಳೆಯದು, 25 ದಾಟಿದರೆ ಬೊಜ್ಜು ಎಂದು ವೈದ್ಯರು ಹೇಳುತ್ತಾರೆ. ಆದರೆ ಈ ಅಂಕಿಗಳನ್ನು ಮಕ್ಕಳಿಗೆ ಹಚ್ಚಬಾರದು. ಮಕ್ಕಳದ್ದನ್ನು ವಯಸ್ಸಿಗೆ ತಕ್ಕಂತೆ ಬೇರೆ ಪಟ್ಟಿಯಲ್ಲಿ ನೋಡುತ್ತಾರೆ.

ಮಗನಿಗೆ ಸಕ್ಕರೆ ಕಾಯಿಲೆ ಇತ್ತು, ಬಿ.ಪಿ. ಇತ್ತು. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿತ್ತು. ಮುಖಕ್ಕೆ ಯಂತ್ರ ಕಟ್ಟಿಕೊಂಡು ಮಲಗಬೇಕಾಗಿತ್ತು. ವಾಕಿಂಗ್, ಉಪವಾಸ ಎಲ್ಲವನ್ನೂ ವರ್ಷಗಟ್ಟಲೆ ಮಾಡಿದ್ದ. ಹತ್ತು ಕಿಲೋ ಇಳಿದರೆ ಹನ್ನೆರಡು ಏರುತ್ತಿತ್ತು. ದಪ್ಪಗಿರುವವರನ್ನು ಸೋಮಾರಿ, ತಿಂಡಿಪೋತ ಎಂದು ರೇಗಿಸುವ ಮಕ್ಕಳು ಇದನ್ನು ನೆನಪಿಡಬೇಕು. ತೂಕ ಇಳಿದಾಗ ಹಸಿವು ಹೆಚ್ಚುವುದು ಶರೀರದ ಗುಣ.

ಅವನಿಗೆ ಮಾಡಿದ್ದು ‘ಸ್ಲೀವ್’ ಎಂಬ ಶಸ್ತ್ರಚಿಕಿತ್ಸೆ. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಹಸಿವು ಹುಟ್ಟಿಸುವ ‘ಗ್ರೆಲಿನ್’ ಎಂಬ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಆ ಭಾಗದಲ್ಲೇ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಈ ಗ್ರೆಲಿನ್ ಕಂಡುಹಿಡಿದರು.

ಲಿವರ್ ಅಡ್ಡ ಬಂದರೆ

ಹಾಗಾದರೆ ಪಥ್ಯ ಯಾಕೆ? ಸರ್ಜನ್ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಮ್ಮ ಲಿವರ್, ಅಂದರೆ ಯಕೃತ್ತು, ಹೊಟ್ಟೆಯ ಬಲಭಾಗದಲ್ಲಿದೆ. ಅದರ ಎಡಹಾಳೆ ಜಠರದ ಮೇಲ್ಭಾಗದ ಮೇಲೆ ಹೊದಿಕೆಯಂತೆ ಚಾಚಿಕೊಂಡಿರುತ್ತದೆ. ಈ ಆಪರೇಷನ್‌ನಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದಿಲ್ಲ. ನಾಲ್ಕೈದು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣ ತೂರಿಸುತ್ತಾರೆ. ಲಿವರನ್ನು ಮೆಲ್ಲಗೆ ಎತ್ತಿ ಹಿಡಿದರೆ ಮಾತ್ರ ಅದರ ಕೆಳಗಿನ ಜಠರ ಕಾಣುತ್ತದೆ.

ತೂಕ ಹೆಚ್ಚಿದ್ದವರಲ್ಲಿ ಬಹಳ ಮಂದಿಗೆ ಲಿವರ್‌ನಲ್ಲಿ ಕೊಬ್ಬು ತುಂಬಿ ಅದು ಊದಿಕೊಂಡಿರುತ್ತದೆ. ಎತ್ತಲು ಭಾರ, ಎತ್ತುವಾಗ ಹರಿದು ರಕ್ತ ಸುರಿಯುವ ಭಯ. “ಒಳಗೆ ನೋಡಿದಾಗ ಲಿವರ್ ಅಡ್ಡ ಬಂದರೆ ಹೊಟ್ಟೆ ಕೊಯ್ದು ದೊಡ್ಡ ಆಪರೇಷನ್ ಮಾಡಬೇಕಾಗಬಹುದು. ಇಲ್ಲವೇ ಏನೂ ಮಾಡದೆ ಮುಚ್ಚಿ ವಾಪಸ್ ಬರಬೇಕಾಗಬಹುದು” ಎಂದರು ಸರ್ಜನ್. ಮಗ, ಸೊಸೆ ಇಬ್ಬರೂ ಮುಖ ಮುಖ ನೋಡಿಕೊಂಡರು.

ಎಸ್.ಬಿ. ಖಾತೆ, ಎಫ್.ಡಿ. ಖಾತೆ

ಆರನೇ ತರಗತಿಯ ಮೊಮ್ಮಗಳು, ಎರಡು ವಾರದಲ್ಲಿ ಲಿವರ್ ಹೇಗೆ ಸಣ್ಣದಾಗುತ್ತದೆ ಎಂದು ಕೇಳಿದಳು. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ನನಗೆ ಹೊಳೆಯುವುದು ಬ್ಯಾಂಕಿನ ಉದಾಹರಣೆಯೇ.

ನಾವು ತಿನ್ನುವ ಅನ್ನ, ಮುದ್ದೆ, ಸಿಹಿ ಎಲ್ಲ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಉಳಿದದ್ದರಲ್ಲಿ ಒಂದಿಷ್ಟನ್ನು ಲಿವರ್ ‘ಗ್ಲೈಕೋಜೆನ್’ ಎಂಬ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಅದು ಎಸ್.ಬಿ. ಖಾತೆ, ಬೇಕೆಂದಾಗ ತೆಗೆಯುವ ಹಣ. ದೊಡ್ಡವರ ಲಿವರ್‌ನಲ್ಲಿ ಸುಮಾರು 100 ಗ್ರಾಂ ಇರುತ್ತದೆ. ಒಂದೊಂದು ಗ್ರಾಂ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದುಕೊಂಡಿರುತ್ತದೆ. ಕೊಬ್ಬು ಎಫ್.ಡಿ. ಇದ್ದಂತೆ. ಜಮೆ ನಿಂತಾಗ ಮೊದಲು ಎಸ್.ಬಿ. ಖಾಲಿಯಾಗುತ್ತದೆ, ಜೊತೆಗಿದ್ದ ನೀರೂ ಹೋಗುತ್ತದೆ. ಆಮೇಲೆ ಶರೀರ ಎಫ್.ಡಿ. ಮುರಿಯಲು ಕೈ ಹಾಕುತ್ತದೆ. ಲಿವರ್‌ನಲ್ಲಿದ್ದ ಕೊಬ್ಬು ಕರಗಿ ಅದು ಸಣ್ಣದಾಗುತ್ತದೆ, ಮೆತ್ತಗಾಗುತ್ತದೆ. ನಡುವೆ ಒಂದು ದಿನ ಭರ್ಜರಿ ಹಬ್ಬದೂಟ ಉಂಡರೆ ಎಸ್.ಬಿ. ಖಾತೆ ಮತ್ತೆ ತುಂಬಿಕೊಳ್ಳುತ್ತದೆ. “ಹಾಗಾದ್ರೆ ಅಪ್ಪ ಹದಿನಾಲ್ಕು ದಿನ ಡೆಪಾಸಿಟ್ ಮಾಡಬಾರ್ದು” ಎಂದಳು ಮೊಮ್ಮಗಳು.

ಅಡುಗೆಮನೆಯಲ್ಲಿ

ಆಹಾರ ತಜ್ಞೆ ಕೊಟ್ಟ ಚೀಟಿಯಲ್ಲಿ ದಿನಕ್ಕೆ 800ರಿಂದ 1000 ಕ್ಯಾಲೊರಿ ಎಂದಿತ್ತು. ಬೆಳಿಗ್ಗೆ ಕೆನೆ ತೆಗೆದ ಹಾಲಿಗೆ ಪ್ರೋಟೀನ್ ಪುಡಿ, ಮಧ್ಯಾಹ್ನ ಬೇಯಿಸಿದ ತರಕಾರಿ ಮತ್ತು ಸ್ವಲ್ಪ ಪನೀರ್, ಸಂಜೆ ನೀರುಮಜ್ಜಿಗೆ, ರಾತ್ರಿ ಹೆಸರುಬೇಳೆಯ ತೆಳು ಕಟ್ಟು. “ರಾಗಿ ಆದ್ರೆ ಪರವಾಗಿಲ್ವಾ?” ಎಂದು ನನ್ನ ಹೆಂಡತಿ ಕೇಳಿದಳು. ರಾಗಿಯಲ್ಲಿರುವುದೂ ಪಿಷ್ಟವೇ, ಈ ಎರಡು ವಾರ ಅದೂ ಬೇಡ ಎಂದರು. ಹಣ್ಣಿನ ರಸಕ್ಕೂ ಅದೇ ಉತ್ತರ. ಪಥ್ಯ ಶುರುವಾಗುವ ಮುನ್ನವೇ ವೈದ್ಯರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಕಡಿಮೆ ಮಾಡಿದರು. ಊಟ ಇಳಿಸಿ ಮಾತ್ರೆಯನ್ನು ಹಾಗೇ ನುಂಗಿದರೆ ರಕ್ತದ ಸಕ್ಕರೆ ತೀರಾ ಕುಸಿದು ಪ್ರಾಣಕ್ಕೇ ಅಪಾಯ.

ಮೊದಲ ಮೂರು ನಾಲ್ಕು ದಿನ ಬಹಳ ಕಷ್ಟ. ತಲೆನೋವು, ಸುಸ್ತು, ಸಿಡುಕು. ನಾಲ್ಕನೆಯ ರಾತ್ರಿ ಹನ್ನೊಂದು ಗಂಟೆಗೆ ಅಡುಗೆಮನೆಯ ದೀಪ ಹತ್ತಿತು. ಮಗ ಚಕ್ಕುಲಿ ಡಬ್ಬಿಯ ಮುಂದೆ ನಿಂತಿದ್ದ. “ಅಮ್ಮ, ನನ್ನಿಂದ ಆಗಲ್ಲ” ಎಂದ. ಅವಳು ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಮಜ್ಜಿಗೆಗೆ ಶುಂಠಿ, ಕರಿಬೇವು, ಇಂಗು ಹಾಕಿ ಒಂದು ಲೋಟ ಕೊಟ್ಟು, ಕುಡಿದು ಮುಗಿಸುವವರೆಗೆ ಪಕ್ಕದಲ್ಲಿ ಕೂತಳು. ಮರುದಿನ ಬೆಳಿಗ್ಗೆ ಚಕ್ಕುಲಿ, ಬಿಸ್ಕತ್ತು, ಕೋಡುಬಳೆ ಎಲ್ಲ ಮನೆಯಿಂದ ಹೊರಗೆ ಹೋದವು. ಹದಿನಾಲ್ಕು ದಿನ ಮುಗಿಯುವವರೆಗೆ ನಮ್ಮ ಒಗ್ಗರಣೆಯೂ ಮಗ ಆಫೀಸಿಗೆ ಹೋದ ಮೇಲೆಯೇ. ಮೊಮ್ಮಗಳು ಒಂದು ನೋಟ್‌ಬುಕ್‌ನಲ್ಲಿ ಗೆರೆ ಹಾಕಿ ಹೊತ್ತು, ತಿಂದದ್ದು, ಕುಡಿದ ನೀರು ಎಲ್ಲವನ್ನೂ ಬರೆಯತೊಡಗಿದಳು. ರಾತ್ರಿ ನಾನು ಕೂಡಿ ಸಹಿ ಹಾಕುತ್ತಿದ್ದೆ.

ಹತ್ತನೆಯ ದಿನ ಯುಗಾದಿ

ಹತ್ತನೆಯ ದಿನ ಯುಗಾದಿ ಬಂತು. ಹೂರಣ ರುಬ್ಬಿದರೆ ಮನೆಯೆಲ್ಲ ಘಮಘಮ. “ಈ ವರ್ಷ ಒಬ್ಬಟ್ಟು ಬೇಡ” ಎಂದು ಹೆಂಡತಿ ತೀರ್ಮಾನಿಸಿದಳು. ಆದರೆ ನನ್ನ ದೊಡ್ಡಮ್ಮನ ಮಗಳು, ನನಗಿಂತ ಹಿರಿಯಳು, ದೊಡ್ಡ ಡಬ್ಬಿ ತುಂಬ ಒಬ್ಬಟ್ಟು ತಂದರು. “ಹಬ್ಬದ ದಿನ ಇಲ್ಲ ಅನ್ನಬಾರ್ದು ಕಣೋ. ಒಂದೇ ಒಂದು ತಿಂದ್ರೆ ಏನಾಗತ್ತೆ?” ಎಂದು ತುಪ್ಪ ಸವರಿ ಅವನ ಬಾಯಿಯ ಹತ್ತಿರ ಹಿಡಿದರು. ಎತ್ತಿ ಆಡಿಸಿದ ಅತ್ತೆಯ ಕೈ. ತಳ್ಳುವುದು ಹೇಗೆ? ಮಗನ ಕಣ್ಣಲ್ಲಿ ನೀರು ಬಂತು.

ಮೊಮ್ಮಗಳು ನಡುವೆ ಬಂದಳು. “ಅಜ್ಜಿ, ಅಪ್ಪನ ಲಿವರ್ ಇನ್ನೂ ಸಣ್ಣ ಆಗ್ಬೇಕು. ಇಲ್ದಿದ್ರೆ ಡಾಕ್ಟರಿಗೆ ಹೊಟ್ಟೆ ಕಾಣ್ಸಲ್ಲ. ಇನ್ನು ನಾಲ್ಕೇ ದಿನ” ಎಂದು ನೋಟ್‌ಬುಕ್ ತೋರಿಸಿದಳು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಪುಟ ತಿರುವಿ ನೋಡಿ, “ಇಷ್ಟೇನಾ ಮಗು ತಿಂತಿರೋದು? ಇದನ್ನ ನನಗೆ ಮೊದಲೇ ಯಾರಾದ್ರೂ ಹೇಳಬಾರ್ದಿತ್ತಾ?” ಎಂದರು. ಡಬ್ಬಿ ಎದುರುಮನೆಯ ಮಕ್ಕಳಿಗೆ ಹೋಯಿತು. ಮಗ ಬೇವಿನ ಹೂವು ತಿಂದು, ಶಾಸ್ತ್ರಕ್ಕೆ ಬೆಲ್ಲವನ್ನು ನಾಲಿಗೆಗೆ ಮುಟ್ಟಿಸಿಕೊಂಡ. ಆ ದಿನದ ಪುಟದಲ್ಲಿ “ಬೆಲ್ಲ: ಸಾಸಿವೆಯಷ್ಟು” ಎಂದು ಈಗಲೂ ಇದೆ.

ಹದಿನಾಲ್ಕು ದಿನ ಕಳೆದಾಗ ತೂಕ ಆರು ಕಿಲೋ ಇಳಿದಿತ್ತು. ಆಪರೇಷನ್ ಮುಗಿಸಿ ಹೊರಗೆ ಬಂದ ಸರ್ಜನ್, “ಲಿವರ್ ಸುಲಭವಾಗಿ ಎತ್ತಿತು, ಪಥ್ಯ ಚೆನ್ನಾಗಿ ಮಾಡಿಸಿದ್ದೀರಿ” ಎಂದರು. ಆಮೇಲೆ ಕೆಲವು ವಾರ ಬರೀ ದ್ರವ, ನಂತರ ನುಣ್ಣಗೆ ಅರೆದದ್ದು, ನಂತರ ಮೆತ್ತಗಿನ ಆಹಾರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಊಟಕ್ಕೆ ಬಂದ. ಈಗ 88 ಕಿಲೋ ಇದ್ದಾನೆ. ರಾತ್ರಿಯ ಉಸಿರಾಟದ ಯಂತ್ರ ಬೇಡವೆಂದು ವೈದ್ಯರೇ ಹೇಳಿದ್ದಾರೆ. ವಿಟಮಿನ್ ಮಾತ್ರೆ ಮಾತ್ರ ಜೀವನಪೂರ್ತಿ ತಪ್ಪುವಂತಿಲ್ಲ.

ಮನೆಯವರು ನೆನಪಿಡಬೇಕಾದದ್ದು

* ಈ ಪಥ್ಯ ಆಪರೇಷನ್ ನಿಶ್ಚಯವಾದವರಿಗೆ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರ. ತೆಳ್ಳಗಾಗಲೆಂದು ದೊಡ್ಡವರಾಗಲಿ ಮಕ್ಕಳಾಗಲಿ ತಾವೇ ಮಾಡಬಾರದು.
* ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳ ಪ್ರಮಾಣವನ್ನು ಮೊದಲೇ ವೈದ್ಯರಿಗೆ ತೋರಿಸಿ. ಬೆವರು, ನಡುಕ, ಮಂಪರು ಬಂದರೆ ತಡಮಾಡದೆ ಸಕ್ಕರೆ ಪರೀಕ್ಷಿಸಿ, ವೈದ್ಯರಿಗೆ ತಿಳಿಸಿ.
* ನೀರು ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತಿರಲಿ.
* ಅಜ್ಜ ಅಜ್ಜಿಯರೇ, “ಒಂದೇ ಒಂದು ತುತ್ತು” ಎನ್ನಬೇಡಿ. ಪಥ್ಯದವರು ಊಟಕ್ಕೆ ಕೂತಾಗ ಜೊತೆಗೆ ಕೂತು ಮಾತಾಡಿ.
* ಬರುವ ನೆಂಟರಿಗೆ ಕಾರಣವನ್ನು ಮೊದಲೇ ಫೋನಿನಲ್ಲಿ ತಿಳಿಸಿ.
* ಮಕ್ಕಳೇ, ನೋಟ್‌ಬುಕ್ ಬರೆಯುವ ಕೆಲಸ ನಿಮ್ಮದು. ತಪ್ಪು ಹುಡುಕಿ ಚಾಡಿ ಹೇಳಲು ಬೇಡ, ಉಳಿದ ದಿನಗಳನ್ನು ಎಣಿಸಿ ಹೇಳಲು.