ಹಳೆಯ ಚಿತ್ರಕ್ಕೆ ಹೊಸ ಹೊಳಪು ಎಲ್ಲಿಂದ?

ಪ್ರಶ್ನೆ: 1962ರ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರವನ್ನು 4ಕೆ ಡಿಸ್ಕ್‌ನಲ್ಲಿ ಮತ್ತೆ ನೋಡಿದೆ. ಮರಳಿನ ಕಣಕಣವೂ ಕಾಣುತ್ತದೆ! ಆ ಕಾಲದಲ್ಲಿ ಇಲ್ಲದ ಸ್ಪಷ್ಟತೆ ಈಗೆಲ್ಲಿಂದ ಬಂತು?

ಉತ್ತರ: ಆ ಸ್ಪಷ್ಟತೆ ಅಂದೂ ಇತ್ತು, ಮನೆಯ ಪರದೆಗೆ ಅದನ್ನು ತೋರಿಸುವ ಶಕ್ತಿ ಇರಲಿಲ್ಲ, ಅಷ್ಟೆ. ನಿರ್ದೇಶಕ ಡೇವಿಡ್ ಲೀನ್ ಮತ್ತು ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಇದನ್ನು 65 ಮಿ.ಮೀ. ಅಗಲದ ನೆಗೆಟಿವ್‌ನಲ್ಲಿ ಸೆರೆಹಿಡಿದರು. ಸಾಮಾನ್ಯ ಚಿತ್ರಗಳ 35 ಮಿ.ಮೀ. ಫಿಲ್ಮಿಗಿಂತ ಇದರ ಪ್ರತಿ ಚೌಕಟ್ಟೂ ಬಹಳ ದೊಡ್ಡದು. ಹಾಗಾಗಿ ಅದರಲ್ಲಿ ಅಡಗುವ ವಿವರವೂ ಹೆಚ್ಚು. 2012ರ ಪುನರುಜ್ಜೀವನಕ್ಕಾಗಿ ಆ ಮೂಲ ನೆಗೆಟಿವನ್ನೇ 8ಕೆ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಲಾಯಿತು.

ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಿದ್ದರೆ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಇದರ ಬೆಲೆ ತಿಳಿಯಬೇಕಾದರೆ ನಟ ಒಮರ್ ಷರೀಫ್ ಮೊದಲು ಕಾಣಿಸಿಕೊಳ್ಳುವ ದೃಶ್ಯ ನೋಡಿ. ಬಿಸಿಲ್ಗುದುರೆಯ ನಡುವೆ ನಡುಗುವ ಕಪ್ಪು ಚುಕ್ಕೆಯೊಂದು ಮೆಲ್ಲಮೆಲ್ಲನೆ ಒಂಟೆ ಸವಾರನಾಗುತ್ತದೆ. ಪರದೆ ಮಸುಕಾದರೆ ಆ ಚುಕ್ಕೆಯೇ ಕಳೆದುಹೋಗುತ್ತದೆ. ಅದರೊಂದಿಗೆ ನಮ್ಮ ಎದೆಬಡಿತವೂ. ದೀಪ ಆರಿಸಿ, ಇನ್ನೊಮ್ಮೆ ನೋಡಿ.