ನಿಮ್ಮ ಹೊಲದ ರಾಗಿ ಹೈಬ್ರಿಡ್ ಅಲ್ಲ

ಈಗಿನ ರಾಗಿಯೆಲ್ಲ ಹೈಬ್ರಿಡ್, ಮನೆಯಲ್ಲಿ ಎತ್ತಿಟ್ಟ ಬೀಜ ಬಿತ್ತಿದರೆ ತೆನೆ ಕಟ್ಟುವುದಿಲ್ಲ, ವರ್ಷಾ ವರ್ಷ ಕೊಳ್ಳಲೇಬೇಕು. ಯಡಿಯೂರು, ಅಮೃತೂರು, ಗುಬ್ಬಿ ಸೀಮೆಯ ಖುಷ್ಕಿ ಬೇಸಾಯಗಾರರಲ್ಲಿ ಹೀಗೆ ನಂಬಿದವರಿದ್ದಾರೆ. ಎಕರೆ, ಎರಡೆಕರೆ ನಂಬಿ ಬದುಕುವವರಿಗೆ ಈ ನಂಬಿಕೆ ದುಬಾರಿ.

ರಾಗಿಯಲ್ಲಿ ರೈತರ ಕೈಗೆ ಬಂದ ಹೈಬ್ರಿಡ್ ಬೀಜವೇ ಇಲ್ಲ. ಜಿಪಿಯು-28, ಎಂಆರ್-1, ಎಂಎಲ್-365 ಎಲ್ಲವೂ ಸ್ಥಿರವಾದ ತಳಿಗಳು. ರಾಗಿಯ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ, ಆದ್ದರಿಂದ ಬಿತ್ತಿದ ಗುಣವೇ ಮುಂದಿನ ಬೆಳೆಗೂ ಬರುತ್ತದೆ. ಹೈಬ್ರಿಡ್ ಮುಸುಕಿನ ಜೋಳದ ಕಾಳನ್ನು ಮತ್ತೆ ಬಿತ್ತಿದರೆ ಪೈರು ಒಂದೊಂದು ಥರ ಬರುವುದು ನಿಜ; ಆ ಅನುಭವವನ್ನೇ ರಾಗಿಗೂ ಹೊಂದಿಸಿಕೊಂಡಂತೆ ಕಾಣುತ್ತದೆ.

ತನ್ನಷ್ಟಕ್ಕೆ ತಾನೇ ಕಾಳು ಕಟ್ಟುವ ಈ ಗುಣ ರೈತರಿಗೆ ವರ, ತಳಿ ಮಾಡುವವರಿಗೆ ದೊಡ್ಡ ಸವಾಲು. ರಾಗಿ ಹೂವು ಕಣ್ಣಿಗೆ ಕಾಣುವುದೇ ಕಷ್ಟ. ಅದರ ಗಂಡು ಭಾಗವನ್ನು ಚಿಮುಟದಿಂದ ಒಂದೊಂದಾಗಿ ಕಿತ್ತು ಮುಗಿಯುವುದಲ್ಲ. ಹಾಗಾಗಿ ಹದವಾದ ಬಿಸಿನೀರಿನಲ್ಲಿ ತೆನೆಯನ್ನು ಕೆಲವೇ ನಿಮಿಷ ಅದ್ದಿ ಪರಾಗವನ್ನು ನಿರ್ಜೀವ ಮಾಡುತ್ತಾರೆ. ಇಲ್ಲವೇ ಹೂ ಬಿಡುವ ಮೊದಲೇ ಎರಡು ತಳಿಗಳ ತೆನೆಗಳನ್ನು ಮುಖಾಮುಖಿ ಕಟ್ಟಿ ಚೀಲ ಹೊದಿಸುತ್ತಾರೆ. ಸಂಕರ ಕೂಡಿತೋ ಇಲ್ಲವೋ ತಿಳಿಯಲು ನೇರಳೆ ಬಣ್ಣದ ಗಿಡವನ್ನು ಗಂಡಾಗಿ ಬಳಸುವುದುಂಟು. ಹಸಿರು ತಾಯಿಗೆ ನೇರಳೆ ಸಸಿ ಹುಟ್ಟಿದರೆ ಕೂಡಿತೆಂದು ಅರ್ಥ. ಆಮೇಲೆ ತಲೆಮಾರಿನಿಂದ ತಲೆಮಾರಿಗೆ ಆಯ್ದು, ಗುಣ ನಿಲ್ಲುವವರೆಗೂ ಕಾಯಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಥ ತಾಳ್ಮೆಯ ಕೆಲಸ ಮಾಡಿದ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಅವರು ಕೊಟ್ಟದ್ದೇ ಇಂಡಾಫ್ ತಳಿಗಳು. ಅವರಿಗೆ ಸಲ್ಲಬೇಕಾದಷ್ಟು ಗೌರವ ನಾಡಿನಿಂದ ಇನ್ನೂ ಸಂದಿಲ್ಲ ಎಂದೇ ನನ್ನ ಭಾವನೆ.

ಆಫ್ರಿಕಾದ್ದು ಸೇರಿ ನಾಟಿ ರಾಗಿ ಕೆಟ್ಟಿತು ಎನ್ನುವವರಿಗೆ ಒಂದು ಮಾತು: ರಾಗಿಯ ತವರೇ ಪೂರ್ವ ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದು ನಮ್ಮ ಮುದ್ದೆಯಾದ ಧಾನ್ಯ ಅದು. ಇದು ಕುಲಾಂತರಿಯೂ ಅಲ್ಲ. ಈ ದೇಶದ ರೈತರ ಹೊಲಕ್ಕೆ ಸರ್ಕಾರದ ಒಪ್ಪಿಗೆಯಿಂದ ಬಂದ ಕುಲಾಂತರಿ ಬೆಳೆ 2002ರ ಬಿಟಿ ಹತ್ತಿಯೊಂದೇ.

ಇನ್ನೊಂದು ನಂಬಿಕೆ, ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾಗುವುದು ಮೋಡ, ಇಬ್ಬನಿಯಿಂದ ಎನ್ನುವುದು. ಅದು ಬೆಂಕಿ ರೋಗ, ಶಿಲೀಂಧ್ರದ ಕೆಲಸ. ತಂಪು, ತೇವ ಅದಕ್ಕೆ ಅನುಕೂಲ ಮಾಡಿಕೊಡುತ್ತವೆ ಅಷ್ಟೆ. ಅತಿಯಾಗಿ ಯೂರಿಯಾ ಎರಚಿದರೂ ರೋಗ ಜೋರಾಗುತ್ತದೆ. ಇಂಡಾಫ್-5ರ ಸಂತತಿಯಾದ ಜಿಪಿಯು-28 ಈ ರೋಗವನ್ನು ತಡೆದುಕೊಳ್ಳುತ್ತದೆ. ಆ ಶಕ್ತಿ ಕಾಳಿನಲ್ಲೇ ಇರುವುದರಿಂದ ಔಷಧಿ ಸಿಂಪಡಣೆಯ ಖರ್ಚು ಉಳಿಯುತ್ತದೆ. ಸಣ್ಣ ಹಿಡುವಳಿಗೆ ವಿಜ್ಞಾನ ತಲುಪಬೇಕಾದ ದಾರಿ ಇದೇ.

ಮನೆ ಬೀಜ ಕೆಡುವುದೂ ಉಂಟು, ಆದರೆ ಕಾರಣ ಕಣದಲ್ಲಿದೆ. ಬೇರೆಯವರ ರಾಗಿ ಒಕ್ಕಿದ ಯಂತ್ರಕ್ಕೇ ನಿಮ್ಮ ತೆನೆಯನ್ನೂ ಹಾಕಿದರೆ ತಳಿ ಬೆರೆಯುತ್ತದೆ. ಕೊಯ್ಲಿಗೆ ಮೊದಲೇ ರೋಗವಿಲ್ಲದ, ಒಂದೇ ಬಗೆಯ ತೆನೆಗಳನ್ನು ಆಯ್ದು, ಬೇರೆಯಾಗಿ ಬಡಿದು, ಚೆನ್ನಾಗಿ ಒಣಗಿಸಿಟ್ಟುಕೊಳ್ಳಿ. ಮೂರ್ನಾಲ್ಕು ವರ್ಷಕ್ಕೊಮ್ಮೆ ರೈತ ಸಂಪರ್ಕ ಕೇಂದ್ರದಿಂದ ಹೊಸ ಬೀಜ ತಂದರಾಯಿತು. ಬೀಜ ಇಟ್ಟುಕೊಳ್ಳುವ, ನೆಂಟರಿಷ್ಟರಿಗೆ ಕೊಡುವ, ಮಾರುವ ಹಕ್ಕನ್ನು ರೈತರಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೇ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರಾಂಡ್ ಹಾಕಿ ಪೊಟ್ಟಣ ಕಟ್ಟಿ ಮಾರುವಂತಿಲ್ಲ, ಅಷ್ಟೆ.